ಮೊಹರು ಒಡೆದ ಗುಮಾಸ್ತನಿಂದ ಪದವಿ ತುಲನಾ ಸಮಿತಿಗೆ

ಪರದೇಶದ ಕಾನೂನು ಪದವಿಗಳ ತುಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ, ಅಷ್ಟೇ ಮಾನ್ಯರಾದ ಆರು ಮಂದಿ ಸದಸ್ಯರೇ, ಹಾಗೂ ಆರು ವರ್ಷಗಳಿಂದ ತಮ್ಮೆಲ್ಲರ ಪರವಾಗಿ ನೀಲಿ ಶಾಯಿಯಲ್ಲಿ ಒಂದು ಗೀಟು ಎಳೆದು ಅದನ್ನೇ ಸಹಿ ಎಂದು ಕಳಿಸುತ್ತ ಬಂದಿರುವ ಮಹನೀಯರೇ,

ನಮಸ್ಕಾರಗಳು. ತಮ್ಮ ಆರೋಗ್ಯ, ತಮ್ಮ ಕಪಾಟುಗಳ ಆರೋಗ್ಯ, ಆ ಕಪಾಟುಗಳಲ್ಲಿ ಮಲಗಿರುವ ಕಡತಗಳ ನಿದ್ದೆ ಎಲ್ಲವೂ ಸೊಗಸಾಗಿದೆ ಎಂದು ನಂಬಿದ್ದೇನೆ. ನಾನು ವಕೀಲನಲ್ಲ. ಹತ್ತನೇ ತರಗತಿ ಮುಗಿಸಿ, ಟೈಪಿಂಗ್ ಕಲಿತು, ನಮ್ಮೂರ ಕೋರ್ಟಿನ ಎದುರು ಒಂದು ಮೇಜು ಒಂದು ಯಂತ್ರ ಇಟ್ಟುಕೊಂಡು ಕೂತವನು. ಆಮೇಲೆ ಒಬ್ಬ ವಕೀಲರ ಗುಮಾಸ್ತನಾದೆ. ಅದಾದ ಮೇಲೆ ಆ ವಕೀಲರನ್ನೇ ಮದುವೆಯಾದೆ. ಮೂವತ್ತೈದು ವರ್ಷ ನಾನು ನನ್ನ ಹೆಂಡತಿಯನ್ನು 'ವಕೀಲರೇ' ಎಂದೇ ಕರೆದೆ, ಅವಳು ನನ್ನನ್ನು 'ಗುಮಾಸ್ತರೇ' ಎಂದಳು. ದಿನಕ್ಕೊಂದು ಪುಟ ದಿನಚರಿ ಬರೆಯುವುದನ್ನು ಬಿಟ್ಟರೆ ನನಗೆ ಬರೆಯುವ ಅಭ್ಯಾಸವಿಲ್ಲ. ಆದರೆ ಆ ದಿನಚರಿಯಿಂದಾಗಿಯೇ ಈ ಪತ್ರದಲ್ಲಿ ಒಂದು ತಾರೀಖೂ ತಪ್ಪಿರುವುದಿಲ್ಲ ಎಂದು ಭರವಸೆ ಕೊಡಬಲ್ಲೆ.

ವಿಷಯ ಇಷ್ಟೇ. ಕಳೆದ ವಾರ ತಮ್ಮ ಇಪ್ಪತ್ತಮೂರನೇ ಪತ್ರ ಬಂತು. ಅದರಲ್ಲಿ ಒಂದೇ ಸಾಲು: 'ಅರ್ಜಿದಾರರು ತಮ್ಮ ಅರ್ಜಿಯನ್ನು ಕೈಬಿಟ್ಟಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ.' ಅರ್ಜಿದಾರರು ಎಂದರೆ ನನ್ನ ಹೆಂಡತಿ. ಅವಳು ತೀರಿಕೊಂಡು ಆ ಹೊತ್ತಿಗೆ ಐದು ತಿಂಗಳಾಗಿತ್ತು. ತೀರಿಕೊಂಡದ್ದು ನಿಜ, ಕೈಬಿಟ್ಟದ್ದು ಸುಳ್ಳು. ನನ್ನ ತಕರಾರು ಆ ಒಂದು ಪದದ ಮೇಲೆ ಮಾತ್ರ. ಉಳಿದದ್ದೆಲ್ಲ ತಮ್ಮ ಹೊಗಳಿಕೆ. ದಯವಿಟ್ಟು ಹಾಗೆಂದೇ ಓದಿಕೊಳ್ಳಬೇಕು.

ಅವಳು ಕೈಬಿಡುವ ಪೈಕಿಯವಳೇ ಅಲ್ಲ. ತಮ್ಮ ಈ ದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಮ್ಮ ಮಗಳನ್ನು ಅಳಿಯ ಮಹಾಶಯ ನಾಲ್ಕು ತಿಂಗಳ ಕೂಸಿನ ಸಮೇತ ಬಿಟ್ಟು ಹೋದಾಗ, ಇಪ್ಪತ್ತೆಂಟು ವರ್ಷ ನಡೆಸಿದ ವಕೀಲಿಯನ್ನು ಇವಳು ಮುಚ್ಚಿ ಬಂದಳು. ಮುಚ್ಚಿದಳು ಎಂದರೆ ಬಾಗಿಲು ಎಳೆದುಕೊಂಡು ಬಂದಳು ಎಂದಲ್ಲ. ನೂರ ಹನ್ನೆರಡು ಕಡತಗಳನ್ನು ಒಂದೊಂದಾಗಿ ಕಿರಿಯ ವಕೀಲರ ಕೈಗೆ ಒಪ್ಪಿಸಿ, ಪ್ರತಿಯೊಂದರ ಮೇಲೂ ಮುಂದಿನ ವಾಯಿದೆಯ ದಿನ ಬರೆದು, ಕಕ್ಷಿದಾರರಿಗೆಲ್ಲ ಕಾಗದ ಹಾಕಿ ವಿಮಾನ ಹತ್ತಿದಳು. ಕೊನೆಯ ಕಡತದ ಕಕ್ಷಿದಾರ, ಬೇಲಿ ಜಗಳದ ಮುದುಕ, 'ಅಮ್ಮಾ, ಅಲ್ಲೂ ಕೋರ್ಟ್ ಇರುತ್ತಾ?' ಎಂದು ಕೇಳಿದ್ದ. 'ಮನುಷ್ಯರು ಇದ್ದ ಕಡೆ ಬೇಲಿ ಇರುತ್ತೆ, ಬೇಲಿ ಇದ್ದ ಕಡೆ ಕೋರ್ಟ್ ಇರುತ್ತೆ ಕಣಜ್ಜ' ಎಂದಿದ್ದಳು. ಇಲ್ಲಿಗೆ ಬಂದು ಎರಡು ವರ್ಷ ಮೊಮ್ಮಗುವನ್ನು ಎತ್ತಾಡಿಸಿ, ಅದು ಶಿಶುವಿಹಾರದ ಮುಖ ನೋಡಿದ ವಾರವೇ, ಇಲ್ಲೂ ವಕೀಲಿ ಮಾಡಲು ತನ್ನ ಪದವಿಯನ್ನು ಒಪ್ಪಿಕೊಳ್ಳಿ ಎಂದು ತಮಗೆ ಅರ್ಜಿ ಹಾಕಿದಳು.

ತಮ್ಮ ಮೊದಲ ಪತ್ರದಿಂದಲೇ ನಾನು ತಮ್ಮ ಅಭಿಮಾನಿಯಾದೆ. ಅವಳು ಕಳಿಸಿದ ಅಂಕಪಟ್ಟಿ ಅಸಲಿಯೇ ಆಗಿದ್ದರೂ, ಅಂಕ ಗಳಿಸಿದವರ ಕೈ ಸೋಕಿರುವುದರಿಂದ ಅದು ನಡೆಯುವುದಿಲ್ಲ, ವಿಶ್ವವಿದ್ಯಾಲಯವೇ ಮೊಹರು ಹಾಕಿದ ಲಕೋಟೆಯಲ್ಲಿ ನೇರವಾಗಿ ಕಳಿಸತಕ್ಕದ್ದು ಎಂದಿರಿ. ಅತ್ತ ನಮ್ಮ ವಿಶ್ವವಿದ್ಯಾಲಯದ ನಿಯಮ ಏನೆಂದರೆ, ಅಂಕಪಟ್ಟಿಯನ್ನು ವಿದ್ಯಾರ್ಥಿಗೆ ಬಿಟ್ಟು ಬೇರೆ ಯಾರಿಗೂ ಕೊಡುವಂತಿಲ್ಲ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಕೋರ್ಟಿನೆದುರು ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಟೈಪಿಸ್ಟ್ ಗೆಳೆಯ ನಮಗಾಗಿ ಎಂಟು ತಿಂಗಳು ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ನಿಂತ. ಒಳಗಿದ್ದ ನೌಕರ ಒಂದು ದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, 'ಅಲ್ಲಾ ಸ್ವಾಮಿ, ಮೂವತ್ತು ವರ್ಷದ ಹಿಂದೆ ಪಾಸಾದೋರು ಅವರು, ಈಗ್ಯಾಕೆ ಅನುಮಾನ ಬಂತು ಅವರಿಗೆ?' ಎಂದನಂತೆ. ಅನುಮಾನ ಬಂದದ್ದು ತಮಗೆ ಎಂದು ಅವನಿಗೆ ತಿಳಿಸಿ ಹೇಳುವ ಹೊತ್ತಿಗೆ ಇನ್ನೊಂದು ತಿಂಗಳು ಹೋಯಿತು. ಅಂತೂ ಅವನು ಕನಿಕರಪಟ್ಟು, ಅಂಕಪಟ್ಟಿಯನ್ನು ಲಕೋಟೆಯೊಳಗಿಟ್ಟು, ಅರಗು ಕರಗಿಸಿ ಮೊಹರು ಒತ್ತಿ, ನಿಯಮದಂತೆ ವಿದ್ಯಾರ್ಥಿಯ ವಿಳಾಸಕ್ಕೆ, ಎಂದರೆ ನಮ್ಮ ಮನೆಗೆ, ರವಾನಿಸಿದ. ಅದನ್ನು ಹಾಗೆಯೇ ತಮಗೆ ಮುಟ್ಟಿಸಿದ್ದರೆ ಆಗುತ್ತಿತ್ತು.

ಇಲ್ಲಿ ನಾನು ನನ್ನ ತಪ್ಪೊಪ್ಪಿಗೆಯನ್ನು ದಾಖಲಿಸಬೇಕು. ಲಕೋಟೆ ಬಂದಾಗ ಅವಳು ಕೆಲಸಕ್ಕೆ ಹೋಗಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಅದನ್ನಿಟ್ಟುಕೊಂಡು, ಜೀವಮಾನವಿಡೀ ಪ್ರತಿದಿನ ಬೆಳಿಗ್ಗೆ ಏನು ಮಾಡಿದ್ದೆನೋ ಅದನ್ನೇ ಮಾಡಿದೆ. ಲಕೋಟೆಯನ್ನು ನಿಲ್ಲಿಸಿ ಕುಟ್ಟಿ ಒಳಗಿನ ಕಾಗದವನ್ನು ಕೆಳಕ್ಕೆ ಜಾರಿಸಿದೆ, ಮೇಲಿನ ಅಂಚಿಗೆ ಸ್ಟೀಲ್ ಸ್ಕೇಲ್ ತೂರಿಸಿ ಸರ್ರನೆ ಎಳೆದೆ, ಮೊದಲ ಹಾಳೆಯ ಬಲಮೂಲೆಯಲ್ಲಿ 'ಸ್ವೀಕರಿಸಲಾಗಿದೆ' ಎಂಬ ಮುದ್ರೆ ಒತ್ತಿ ತಾರೀಖು ಬರೆದೆ, ಆವಕ ಪುಸ್ತಕದಲ್ಲಿ ನಂಬರ್ ಹಾಕಿದೆ. ಆ ಮುದ್ರೆಯನ್ನೂ ಪುಸ್ತಕವನ್ನೂ ನಾನು ಊರಿನಿಂದ ಪೆಟ್ಟಿಗೆಯಲ್ಲಿ ಹೊತ್ತು ತಂದಿದ್ದೆ. ಬರುವ ಟಪಾಲಿಗೆ ನಂಬರಿಲ್ಲದ ಮನೆಯಲ್ಲಿ ಬದುಕುವುದು ನನಗೆ ಗೊತ್ತಿರಲಿಲ್ಲ. ಲಕೋಟೆಯನ್ನು ತಿರುವಿ ನೋಡಿದಾಗ ಹಿಂದುಗಡೆ ಕೆಂಪು ಅರಗು, ಅದರ ಕೆಳಗೆ 'ತೆರೆದರೆ ಅಸಿಂಧು' ಎಂಬ ಬರಹ ಕಂಡಿತು.

ಸಂಜೆ ಅವಳು ಬಂದಳು. ಹೆಗಲ ಚೀಲ ಇಳಿಸದೆ ಮೇಜಿನ ಬಳಿ ನಿಂತು ನೋಡಿದಳು. 'ಗುಮಾಸ್ತರೇ, ಆವಕ ನಂಬರ್ ಹಾಕಿದ್ರಾ?' ಎಂದಳು. ಹಾಕಿದೆ ಎಂದೆ. 'ಎಷ್ಟು?' ಹದಿನೇಳು ಎಂದೆ. 'ಪದ್ಧತಿ ಅಂದ್ರೆ ಪದ್ಧತಿ ಕಣ್ರೀ ನಿಮ್ಮದು' ಎಂದು ನಕ್ಕು ಬಚ್ಚಲಿಗೆ ಹೋದಳು. ಕೈಕಾಲು ತೊಳೆಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಆ ಅಂಕಪಟ್ಟಿಯನ್ನು, ಗಂಡನ ಅವಿವೇಕಕ್ಕೆ ಕ್ಷಮೆ ಕೋರುವ ಕಾಗದದೊಂದಿಗೆ, ತಮಗೆ ಕಳಿಸಿದೆವು. ಮೊಹರು ಒಡೆದಿರುವುದರಿಂದ ಒಳಗಿನ ದಾಖಲೆ ಇಲ್ಲವೆಂದೇ ಭಾವಿಸಲಾಗುವುದು ಎಂದು ತಾವು ಉತ್ತರಿಸಿದಿರಿ. ಇರುವ ಹಾಳೆಯನ್ನು ಇಲ್ಲವೆಂದು ಭಾವಿಸುವ ಈ ಶಕ್ತಿ ಹಿಂದೆ ತಪಸ್ಸು ಮಾಡಿದವರಿಗೆ ಮಾತ್ರ ಇತ್ತಂತೆ. ಎರಡನೇ ಲಕೋಟೆ ಬರಲು ಹದಿನಾಲ್ಕು ತಿಂಗಳಾಯಿತು. ಈ ಹದಿನಾಲ್ಕು ತಿಂಗಳನ್ನು ನಾನು ತಮ್ಮ ಲೆಕ್ಕಕ್ಕೆ ಹಾಕುವುದಿಲ್ಲ, ಅದು ನನ್ನದು. ಉಳಿದ ವರ್ಷಗಳನ್ನಾದರೂ ತಾವು ಒಪ್ಪಿಕೊಂಡರೆ ನನ್ನ ಭಾರಕ್ಕೆ ಒಂದು ಜೊತೆ ಸಿಕ್ಕಂತಾಗುತ್ತದೆ.

ಅದರ ನಂತರ ತಾವು ಅವಳು ಓದಿದ ಒಂದೊಂದು ವಿಷಯದ ಪಠ್ಯಕ್ರಮಕ್ಕೂ ಅಂದಿನ ಪ್ರಾಂಶುಪಾಲರ ಸಹಿ ಕೇಳಿದಿರಿ. ಅವಳು ಓದಿದ ಕಾನೂನು ಕಾಲೇಜು ಒಂದು ಸೈಕಲ್ ಅಂಗಡಿಯ ಮಹಡಿಯ ಮೇಲಿತ್ತು. ಈಗ ಆ ಮಹಡಿಯಲ್ಲಿ ಬಟ್ಟೆ ಮಾರುತ್ತಾರೆ. ಪ್ರಾಂಶುಪಾಲರು ತೀರಿಕೊಂಡು ಹನ್ನೊಂದು ವರ್ಷವಾಗಿದೆ ಎಂದು ಅವಳು ವಿನಯದಿಂದ ಬರೆದಳು. 'ಮರಣವು ಸಹಿಯಿಂದ ವಿನಾಯಿತಿ ಪಡೆಯಲು ಸಕಾರಣವಲ್ಲ' ಎಂದು ತಾವು ಅಷ್ಟೇ ವಿನಯದಿಂದ ಉತ್ತರಿಸಿದಿರಿ. ಅವಳು ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿ, 'ಗುಮಾಸ್ತರೇ, ಇದಕ್ಕೊಂದು ಕಟ್ಟು ಹಾಕಿಸಿ ಗೋಡೆಗೆ ಹೊಡೀರಿ' ಎಂದಳು. ನಾನು ತಮಾಷೆ ಎಂದುಕೊಂಡು ಹಾಕಿಸಲಿಲ್ಲ. ಈಗ ಹಾಕಿಸಿದ್ದೇನೆ.

ತಮ್ಮ ಭಾಷಾ ಪರೀಕ್ಷೆಯನ್ನು ಹೊಗಳದೆ ಮುಂದೆ ಹೋದರೆ ಕೃತಘ್ನನಾಗುತ್ತೇನೆ. ಇಪ್ಪತ್ತೆಂಟು ವರ್ಷ ವಾದ ಮಾಡಿ ಬದುಕಿದವಳಿಗೆ ಮಾತು ಬರುತ್ತದೆಯೇ ಎಂದು ತಿಳಿಯಲು ತಾವು ಅವಳನ್ನು ಒಂದು ಗೂಡಿನಲ್ಲಿ ಕೂರಿಸಿ, ಕಿವಿಗೆ ಯಂತ್ರ ತೊಡಿಸಿ, 'ಮರೆಯಲಾಗದ ಒಂದು ಪ್ರವಾಸವನ್ನು ಎರಡು ನಿಮಿಷದಲ್ಲಿ ವರ್ಣಿಸಿ' ಎಂದಿರಿ. ಪ್ರವಾಸ ಹೋಗಿಯೇ ಇಲ್ಲದ ಅವಳು ಪ್ರಾಮಾಣಿಕವಾಗಿ, ಪ್ರಶ್ನೆ ಇಲ್ಲದ ಸಂಗತಿಯನ್ನು ಇದೆ ಎಂದು ಊಹಿಸಿಕೊಂಡಿದೆ, ಇದಕ್ಕೆ ನನ್ನ ಆಕ್ಷೇಪಣೆ ಇದೆ ಎಂದಳು. ಯಂತ್ರ ಅವಳನ್ನು ಫೇಲು ಮಾಡಿತು. ಎರಡನೇ ಸಲ ಅವಳು ಒಂದು ಕೆರೆ, ಒಂದು ದೋಣಿ, ದೋಣಿಯಲ್ಲಿ ಒಂದು ನಾಯಿ, ನಾಯಿ ನೀರಿಗೆ ಹಾರಿದ್ದು, ಗಂಡ ಅದರ ಹಿಂದೆ ಹಾರಿದ್ದು ಎಲ್ಲವನ್ನೂ ವರ್ಣಿಸಿದಳು. ಪೂರ್ತಿ ಅಂಕ ಬಂತು. ಸಾಕ್ಷಿ ಕಟ್ಟೆಯಲ್ಲಿ ನಿಂತವರಿಗೆಲ್ಲ ಸುಳ್ಳು ಹೇಳಬೇಡಿ ಎನ್ನುತ್ತಿದ್ದವಳು ನನಗೆ ತಿಳಿದಂತೆ ಹೇಳಿದ ಮೊದಲ ಸುಳ್ಳು ಅದು, ಅದೂ ವಕೀಲಳಾಗುವ ಸಲುವಾಗಿ. ತಮ್ಮ ಯಂತ್ರ ಪಾಟೀಸವಾಲು ಮಾಡಲಿಲ್ಲ. ಮಾಡಿದ್ದರೆ ನನಗೆ ಈಜು ಬರುವುದಿಲ್ಲ ಎಂಬುದು ಹೊರಬೀಳುತ್ತಿತ್ತು.

ಈ ಆರು ವರ್ಷ ಅವಳು ಒಂದು ವಕೀಲರ ಕಚೇರಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಕಾಗದಗಳ ನಕಲು ತೆಗೆಯುವ ಕೆಲಸ ಮಾಡಿದಳು. ಆ ಕಚೇರಿಯ ಯಜಮಾನರಿಗೆ ನಾವು ಮನೆಯಲ್ಲಿ 'ಟೈ ರಾಯರು' ಎಂದು ಹೆಸರಿಟ್ಟಿದ್ದೆವು. ಒಂದು ದಿನ ನಕಲು ತೆಗೆಯುವಾಗ ಅಪೀಲಿನ ಗಡುವನ್ನು ರಾಯರು ಹತ್ತು ದಿನ ತಪ್ಪಾಗಿ ಎಣಿಸಿರುವುದು ಅವಳಿಗೆ ಕಂಡಿತು. ಸಲಹೆ ಕೊಡುವ ಅಧಿಕಾರ ಅವಳಿಗಿರಲಿಲ್ಲವಲ್ಲ, ಆದ್ದರಿಂದ ಒಂದು ಹಳದಿ ಚೀಟಿಯ ಮೇಲೆ ಸರಿಯಾದ ತಾರೀಖನ್ನು ಬರೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಅಂಟಿಸಿದಳು. ರಾಯರು ಮೊಕದ್ದಮೆ ಗೆದ್ದು ಬಂದು, 'ನಿಮ್ಮ ಕೈಬರಹ ಬಹಳ ಮುದ್ದಾಗಿದೆ' ಎಂದು ಮೆಚ್ಚಿದರು. ಅಂದಿನಿಂದ ಕಚೇರಿಯಲ್ಲಿ ಹಳದಿ ಚೀಟಿಗಳ ಖರ್ಚು ಹೆಚ್ಚಾಯಿತು.

ಅವಳು ತಮ್ಮ ಕಾನೂನನ್ನು ಎಷ್ಟು ಗೌರವಿಸುತ್ತಿದ್ದಳು ಎಂಬುದಕ್ಕೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ದರ್ಜಿ ಹೆಂಗಸು ಇದ್ದಾಳೆ. ಹದಿನಾಲ್ಕು ದಿನದಲ್ಲಿ ಮನೆ ಖಾಲಿ ಮಾಡಬೇಕೆಂದು ಮಾಲೀಕ ಕೊಟ್ಟ ನೋಟಿಸನ್ನು ಹಿಡಿದು ಅವಳು ಅಳುತ್ತ ಮೇಲೆ ಬಂದಳು. 'ಅಕ್ಕಾ, ನಾನು ಸಲಹೆ ಕೊಡೋ ಹಾಗಿಲ್ಲ, ಕೊಟ್ರೆ ಅಪರಾಧ. ಹರಟೆ ಹೊಡೀಬಹುದು, ಕೂತ್ಕೊಳ್ಳಿ' ಎಂದಳು ನನ್ನಾಕೆ. ಅರ್ಧ ಗಂಟೆ ಹವಾಮಾನದ ಹರಟೆ ಹೊಡೆದು, ಕೊನೆಗೆ, 'ನನ್ನ ಮನೆಗೇನಾದ್ರೂ ಇಂಥ ಕಾಗದ ಬಂದಿದ್ರೆ, ನಾನಂತೂ ಎರಡನೇ ಪುಟದ ಕಡೇ ಸಾಲು ಓದ್ತಿದ್ದೆ' ಎಂದಳು. 'ಅದರಲ್ಲಿ ಏನಿದೆ?' ಎಂದು ಅವಳು ಕೇಳಿದಳು. 'ಅದನ್ನ ಹೇಳಿದ್ರೆ ಹರಟೆ ಆಗಲ್ಲ ಅಕ್ಕಾ.' ದರ್ಜಿ ಹೆಂಗಸು ಓದಿದಳು, ಹೋಗಿ ತಕರಾರು ಸಲ್ಲಿಸಿದಳು, ಈಗಲೂ ಅದೇ ಮನೆಯಲ್ಲಿದ್ದಾಳೆ. ಆ ಉಪಕಾರಕ್ಕೆ ಅವಳು ನನ್ನಾಕೆಯ ಹಳೆಯ ಕರಿಕೋಟನ್ನು, ಎಂಟು ವರ್ಷದಲ್ಲಿ ಬಿಗಿಯಾಗಿದ್ದದ್ದನ್ನು, ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಳು. 'ನೀವು ಇಲ್ಲಿ ಕೋರ್ಟಿಗೆ ಹೋಗೋ ದಿನ ನಾನೇ ಇಸ್ತ್ರಿ ಮಾಡಿಕೊಡ್ತೀನಿ' ಎಂದಿದ್ದಳು. ಇಸ್ತ್ರಿ ಮಾಡಿಕೊಟ್ಟದ್ದೇನೋ ನಿಜ. ಆ ಕೋಟು ತೊಡಿಸಿಯೇ ನನ್ನಾಕೆಯನ್ನು ಕಳಿಸಿಕೊಟ್ಟೆವು.

ಆಸ್ಪತ್ರೆಯಲ್ಲಿ ಅವಳು ಹನ್ನೊಂದು ದಿನ ಇದ್ದಳು. ಒಂಬತ್ತನೆಯ ದಿನ ಬೆಳಿಗ್ಗೆ, ಮಗಳು ದಿಂಬು ಸರಿ ಮಾಡುತ್ತಿದ್ದಾಗ, 'ಗುಮಾಸ್ತರೇ, ಸಮಿತಿಯಿಂದ ಟಪಾಲು ಬಂತಾ?' ಎಂದು ಕೇಳಿದಳು. ವಾಯಿದೆ ಹಾಕಿದ್ದಾರೆ ಎಂದೆ. 'ಎಷ್ಟಕ್ಕೆ?' ಆರು ವಾರಕ್ಕೆ ಎಂದೆ. 'ಅಷ್ಟು ವಾಯಿದೆ ನಂಗೆ ಡಾಕ್ಟರೇ ಕೊಟ್ಟಿಲ್ಲವಲ್ರೀ' ಎಂದಳು. ಮಗಳು ಹೊರಗೆ ಹೋದಳು. ಇವಳು ನನ್ನ ಕಡೆ ತಿರುಗಿ, 'ಟಿಪ್ಪಣಿ ಪುಸ್ತಕ ತಂದಿದೀರಾ? ಇಲ್ಲಿನ ಪರೀಕ್ಷೆಗೆ ಕರಾರು ಕಾನೂನಿನ ಎರಡು ಅಧ್ಯಾಯ ಬಾಕಿ ಇದೆ, ಓದಿ' ಎಂದಳು. ನಾನು ಓದಿದೆ. ತಪ್ಪು ಓದಿದಲ್ಲಿ ಕಣ್ಣು ಮುಚ್ಚಿಕೊಂಡೇ ತಿದ್ದಿದಳು. ಕೈಬಿಟ್ಟವರು ಹೀಗಿರುತ್ತಾರೆಯೇ ಎಂದು ತಮ್ಮಲ್ಲಿ ಯಾರಾದರೂ ಒಬ್ಬರು ನನಗೆ ತಿಳಿಸಿಕೊಡಬೇಕು.

ಅವಳು ಹೋದ ನಲವತ್ತೊಂದನೆಯ ದಿನ ತಮ್ಮ ಇಪ್ಪತ್ತೊಂದನೆಯ ಪತ್ರ ಬಂತು. 'ತಮ್ಮ ಪದವಿಯು ನಮ್ಮ ಪದವಿಗೆ ಸಮಾನವೆಂದು ಕಂಡುಬಂದಿದೆ. ಆದ್ದರಿಂದ ತಾವು ನಮ್ಮ ಅರ್ಹತಾ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಮೂವತ್ತು ದಿನಗಳೊಳಗೆ ಎರಡು ಗುರುತಿನ ಚೀಟಿಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು.' ಸಮಾನ ಹೌದೋ ಅಲ್ಲವೋ ಎಂದು ಆರು ವರ್ಷ ತೂಗಿ, ಸಮಾನವೆಂದು ಕಂಡ ಮೇಲೆ, ಸಮಾನ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಕರೆದಿರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರ ಕಥೆ ಕೇಳಿದ್ದೆ. ತಾವು ಊರು ಬರಿದಾದ ಮೇಲೆ ಬಾಗಿಲು ತೆರೆದು, ಒಳಗೆ ಬನ್ನಿ, ಚೀಟಿ ತೋರಿಸಿ ಎಂದಿರಿ.

ಅವಳು ಬದುಕಿಲ್ಲವೆಂದು ನಾನು ಬರೆದು, ಮರಣಪತ್ರದ ನಕಲು ಲಗತ್ತಿಸಿದೆ. ತಮ್ಮ ಇಪ್ಪತ್ತೆರಡನೆಯ ಪತ್ರ ಬಂತು. ಮರಣಪತ್ರ ಮೊಹರು ಹಾಕಿದ ಲಕೋಟೆಯಲ್ಲಿ ನೇರವಾಗಿ ಬಂದಿಲ್ಲವಾದ್ದರಿಂದ ಪರಿಗಣಿಸಲಾಗದು. ಅರ್ಜಿ ಹಿಂತೆಗೆದುಕೊಳ್ಳುವುದಿದ್ದರೆ ನಮೂನೆ ಹನ್ನೊಂದಕ್ಕೆ ಅರ್ಜಿದಾರರೇ ಸಹಿ ಮಾಡತಕ್ಕದ್ದು. ಗಡುವಿನೊಳಗೆ ಸಹಿ ಬಾರದಿದ್ದರೆ ಕೈಬಿಟ್ಟಿದ್ದಾರೆ ಎಂದು ಭಾವಿಸಲಾಗುವುದು. ಗಡುವು ಮುಗಿಯಿತು, ಸಹಿ ಬರಲಿಲ್ಲ, ತಾವು ಭಾವಿಸಿದಿರಿ. 'ಅಪ್ಪಾ, ಸಾಕು ಬಿಡಿ, ಅಲ್ಲಿ ಮನುಷ್ಯರು ಯಾರಾದ್ರೂ ಇದ್ದಾರಾ ಅಂತ ಬರೀತೀರಿ?' ಎಂದು ಮಗಳು ಕೇಳುತ್ತಾಳೆ. ಇದ್ದಾರೆ, ಅವರಿಗೆ ಜೀವ ಇರುವುದಕ್ಕೆ ಪುರಾವೆ ಮೊಹರು ಹಾಕಿದ ಲಕೋಟೆಯಲ್ಲಿ ಬರಬೇಕಾಗಿದೆ, ಅಷ್ಟೇ ಎಂದು ಸಮಾಧಾನ ಹೇಳಿದ್ದೇನೆ.

ಈಗ ನನ್ನ ಪ್ರಾರ್ಥನೆಗಳು. ಸಾಧ್ಯವಾದರೆ ಆ ಮೂವತ್ತು ದಿನದ ಗಡುವನ್ನು ಅವಳು ಬರುವವರೆಗೆ ಮುಂದೂಡಬೇಕು. ಇಪ್ಪತ್ತೆಂಟು ವರ್ಷದಲ್ಲಿ ಒಂದು ವಾಯಿದೆಗೂ ತಪ್ಪಿಸಿಕೊಂಡವಳಲ್ಲ, ಇದೊಂದೇ ತಡ. ಅದು ನಿಯಮದಲ್ಲಿ ಇಲ್ಲವೆಂದಾದರೆ, ತಾವು ಏಳು ಮಂದಿಯೂ ಒಮ್ಮೆ ನಮ್ಮೂರ ಕೋರ್ಟಿಗೆ ದಯಮಾಡಿಸಿ, ಅಲ್ಲಿನ ಬೇಲಿ ಜಗಳದ ಮುದುಕನ ಪರವಾಗಿ ವಾದ ಮಾಡಲು ತಮ್ಮ ಪದವಿಗಳು ಸಾಕೇ ಎಂದು ಕೇಳಬೇಕು. ತಮಗೆ ಪಾಠ ಹೇಳಿದ ಗುರುಗಳು ತೀರಿಕೊಂಡಿದ್ದರೆ ಅವರ ಸಹಿಯನ್ನು ಮರೆಯದೆ ತರಬೇಕು. ಅದೂ ಆಗದಿದ್ದರೆ, ಆ ಒಂದು ಪದವನ್ನು ಹೊಡೆದು ಹಾಕಬೇಕು. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಹುಡುಕುವ ತೊಂದರೆ ತಮಗೆ ಬೇಡ. ನಮ್ಮ ಕೋರ್ಟಿನಲ್ಲಿ ದಿನದ ಮೊದಲ ಕೆಲಸವೇ ಬಾಗಿಲಲ್ಲಿ ನಿಂತ ಜವಾನ ಹೆಸರು ಹಿಡಿದು ಮೂರು ಸಲ ಕೂಗುವುದು. ಬಂದವರ ಮುಂದೆ 'ಹಾಜರು' ಎಂದು ಬರೆಯುತ್ತಾರೆ, ಬಾರದವರ ಮುಂದೆ 'ಕೂಗಿಸಲಾಯಿತು, ಗೈರುಹಾಜರು' ಎಂದು. ಅಷ್ಟೇ ನಾನು ಕೇಳುವುದು: ಅರ್ಜಿದಾರರು ಹಾಜರು.

ತಾವು ಬರೆಯುವಿರೆಂಬ ಭ್ರಮೆ ನನಗಿಲ್ಲದ ಕಾರಣ, ನಮ್ಮ ಮನೆಯ ಆವಕ ಪುಸ್ತಕದಲ್ಲಿ ನಾನೇ ಬರೆದಿದ್ದೇನೆ. ತಮ್ಮ ಇಪ್ಪತ್ತಮೂರನೆಯ ಪತ್ರಕ್ಕೆ ಮುದ್ರೆ ಒತ್ತಿ, ನಂಬರ್ ಹಾಕಿ, ಷರಾ ಕಾಲಮ್ಮಿನಲ್ಲಿ ಹೀಗೆ ನಮೂದಿಸಿದೆ: 'ಅರ್ಜಿದಾರರು ಕೊನೆಯ ದಿನದವರೆಗೂ ಹಾಜರು. ಸಮಿತಿಯನ್ನು ಆರು ವರ್ಷ ಕೂಗಿಸಲಾಯಿತು, ಗೈರುಹಾಜರು.' ಅದರ ಕೆಳಗೆ ಗೀಟು ಎಳೆದು ಪುಸ್ತಕ ಮುಚ್ಚಿದೆ. ಮುಂದೆ ಈ ಮನೆಗೆ ಬರುವ ಟಪಾಲಿಗೆ ನಂಬರ್ ಇರುವುದಿಲ್ಲ.

ಇಂತು, ತಮ್ಮ ಇಪ್ಪತ್ತಮೂರು ಪತ್ರಗಳನ್ನೂ ತಾರೀಖಿನ ಪ್ರಕಾರ ಜೋಡಿಸಿಟ್ಟುಕೊಂಡಿರುವ
ತಮ್ಮ ವಿಶ್ವಾಸಿ,
ದಿವಂಗತ ವಕೀಲರ ಗುಮಾಸ್ತ

ತಾ.ಕ.: ಇದು ಬಹಿರಂಗ ಪತ್ರವಾದ್ದರಿಂದ ಲಕೋಟೆಗೆ ಅಂಟನ್ನೂ ಹಚ್ಚಿಲ್ಲ, ಮೊಹರನ್ನೂ ಒತ್ತಿಲ್ಲ, ಅಭ್ಯಾಸಬಲದಿಂದ ಯಾರಾದರೂ ಬಡಪಾಯಿ ಗುಮಾಸ್ತ ಒಡೆದುಬಿಟ್ಟರೆ ಅವನ ಮನೆಯಲ್ಲಿ ಹದಿನಾಲ್ಕು ತಿಂಗಳು ಕಳೆದುಹೋಗುವುದು ಬೇಡವೆಂದು. ಮೊಹರು ಹಾಕಿದ ಪ್ರತಿಯೇ ಬೇಕೆಂದು ತಾವು ಬಯಸಿದರೆ ಅದೂ ಸಿದ್ಧವಿದೆ. ಅಡುಗೆಮನೆಯ ಮೇಜಿನ ಮೇಲೆ, ಸ್ಟೀಲ್ ಸ್ಕೇಲಿನ ಪಕ್ಕದಲ್ಲಿಟ್ಟಿದ್ದೇನೆ. ಮಾನ್ಯ ಅಧ್ಯಕ್ಷರು ಮೂವತ್ತು ದಿನಗಳೊಳಗೆ ಎರಡು ಗುರುತಿನ ಚೀಟಿಗಳೊಂದಿಗೆ ಖುದ್ದಾಗಿ ಬಂದು ಪಡೆದುಕೊಳ್ಳತಕ್ಕದ್ದು. ಬಾಗಿಲಲ್ಲಿ ನಿಂತು ಮೂರು ಸಲ ಕೂಗುತ್ತೇನೆ. ಬಾರದಿದ್ದಲ್ಲಿ, ತಾವು ಕೈಬಿಟ್ಟಿದ್ದೀರಿ ಎಂದು ಭಾವಿಸಲಾಗುವುದು.